ಸಿಗದ ಮನೆಯ ಕಂಡಕ್ಟರಕ್ಕ

ಕಂಡಕ್ಟರಕ್ಕ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಒಮ್ಮೆ "ರೈಟ್!" ಅಂದರೆ ಆ ಬಸ್ಸಷ್ಟೇ ಅಲ್ಲ, ಅದರ ಹಿಂದೆ ನಿಂತಿದ್ದ ಇನ್ನೆರಡು ಬಸ್ಸುಗಳೂ ಹೊರಟುಬಿಡುತ್ತಿದ್ದವು. ನಿಲ್ದಾಣದಾಚೆ ಕಟ್ಟಿಹಾಕಿದ್ದ ಎಮ್ಮೆಯೊಂದು ಆ ಕೂಗಿಗೆ ಹಗ್ಗ ಕಿತ್ತುಕೊಂಡು ಮೂರು ಸ್ಟಾಪು ದೂರ ಹೋಗಿತ್ತೆಂದು ಡ್ರೈವರುಗಳು ಆಣೆ ಮಾಡಿ ಹೇಳುತ್ತಿದ್ದರು. ಅದು ಟಿಕೆಟ್ ತೆಗೆದುಕೊಂಡಿತ್ತೋ ಇಲ್ಲವೋ ಎಂಬ ಬಗ್ಗೆ ಮಾತ್ರ ಅವರಲ್ಲಿ ಒಮ್ಮತವಿರಲಿಲ್ಲ. ಆಳು ನೋಡಿದರೆ ಐದಡಿಗೆ ಎರಡು ಬೆರಳು ಕಮ್ಮಿ. ಉಳಿದ ಎತ್ತರವನ್ನೆಲ್ಲ ದೇವರು ಗಂಟಲಿನಲ್ಲಿ ತುಂಬಿ ಕಳಿಸಿದ್ದ. ಕುಡಿದು ಬಂದು ಹೆಂಗಸರ ಸೀಟಿನ ಮೇಲೆ ವಾಲಾಡುವ ಗಂಡಸರಿಗೆ ಅವಳು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. "ಅಣ್ಣಾ, ನಿನ್ನ ಸ್ಟಾಪು ಬಂತು, ಇಳಿ" ಅನ್ನುತ್ತಿದ್ದಳು, ಅಷ್ಟೆ. ಬಸ್ಸು ಸೇತುವೆಯ ಮೇಲಿದ್ದರೂ ಅವರು ಇಳಿಯುತ್ತಿದ್ದರು.

ಇಪ್ಪತ್ತೆರಡು ವರ್ಷ ಹಾಗೆ ಕಳೆಯಿತು. ಆ ನೌಕರಿ ಬಿಟ್ಟದ್ದು ಒಬ್ಬ ಹೆಂಗಸಿನ ಕಾರಣದಿಂದ.

ಮಧ್ಯಾಹ್ನ ಎರಡರ ಬಸ್ಸಿಗೆ ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ ಆಕೆ "ಕೊನೇ ಸ್ಟಾಪಿಗೆ ಒಂದು" ಅನ್ನುತ್ತಿದ್ದಳು. ಕೊನೆಯ ಸ್ಟಾಪಿನಲ್ಲಿ ಇಳಿಯದೆ "ಈಗ ವಾಪಸ್ಸು ಒಂದು" ಅನ್ನುತ್ತಿದ್ದಳು. ಹೀಗೆ ಹೋಗುತ್ತ ಬರುತ್ತ ಸಂಜೆ ಮಾಡುತ್ತಿದ್ದಳು. ವಾರವಾದ ಮೇಲೆ ಕಂಡಕ್ಟರಕ್ಕ ತಮಾಷೆ ಮಾಡಿದಳು: "ಏನಮ್ಮಾ, ಬಸ್ಸಲ್ಲೇ ಗೃಹಪ್ರವೇಶ ಮಾಡೋ ಹಾಗಿದೆಯಲ್ಲ?"

"ಇಲ್ಲಿ ಯಾರೂ ಹೊಡೆಯಲ್ಲ ಅಕ್ಕಾ."

ಮುಂದಿನ ಮೂರು ಸ್ಟಾಪುಗಳಲ್ಲಿ "ರೈಟ್" ಕೇಳಿಸಲಿಲ್ಲ. ಅಕ್ಕ ಬಾಗಿಲಿಂದ ಬಿದ್ದುಹೋದಳೋ ಏನೋ ಎಂದು ಡ್ರೈವರು ಬಸ್ಸು ನಿಲ್ಲಿಸಿ ಹಿಂತಿರುಗಿ ನೋಡಿದ. ಅಲ್ಲಿಂದ ಮುಂದೆ ಆ ತಾಯಿ ಮಗಳ ಟಿಕೆಟನ್ನು ಅಕ್ಕ ತನ್ನ ದುಡ್ಡಿನಲ್ಲೇ ಹರಿಯುತ್ತಿದ್ದಳು. ಒಂದು ದಿನ ಅವರು ಬರಲಿಲ್ಲ. ಮರುದಿನವೂ ಇಲ್ಲ. ಅಕ್ಕ ರಜೆ ಹಾಕಿ ಆ ಸ್ಟಾಪಿನ ಸುತ್ತಮುತ್ತ ಬೀದಿ ಬೀದಿ ಕೇಳಿದಳು. ಗುರುತು ಹೇಳುವವರು ಸಿಗಲಿಲ್ಲ. ಹಾಗೆ ಕೇಳುತ್ತ ಹೋದಾಗಲೇ ಅವಳಿಗೆ ಗೊತ್ತಾದದ್ದು, ಊರಿನಲ್ಲಿ ಇಂಥ ಹೆಂಗಸರಿಗೆಂದೇ ಸರ್ಕಾರದ ಅನುದಾನದಿಂದ ನಡೆಯುವ ಒಂದು ಮನೆಯಿದೆ, ಅದನ್ನು ನೋಡಿಕೊಳ್ಳುವ ಮೇಲ್ವಿಚಾರಕಿ ಸಂಬಳ ಕಾದೂ ಕಾದೂ ಬೇಸತ್ತು ಬಿಟ್ಟುಹೋಗಿದ್ದಾಳೆ ಎಂದು.

"ಪಿಂಚಣಿಯ ನೌಕರಿ ಬಿಟ್ಟು ಅಲ್ಲಿಗೆ ಹೋಗ್ತೀಯಾ? ತಲೆ ನೆಟ್ಟಗಿದೆಯಾ?" ಎಂದು ನಾದಿನಿ ಕೇಳಿದಳು. ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ, "ಹೋಗಲಿ ಬಿಡು. ಆ ಗಂಟಲು ಬಸ್ಸಿಗೆ ದಂಡ" ಎಂದ. ವರ್ಷಕ್ಕೆ ಹನ್ನೆರಡು ಮಾತಾಡುವ ಮನುಷ್ಯ ಆತ. ಆ ತಿಂಗಳಿನದು ಅಲ್ಲಿಗೆ ಖರ್ಚಾಯಿತು.

ಮನೆ ಇದ್ದದ್ದು ಒಂದು ಓಣಿಯ ಕೊನೆಯಲ್ಲಿ. ಓಣಿ ಎಷ್ಟು ಕಿರಿದೆಂದರೆ ಎದುರುಬದುರು ಎರಡು ಛತ್ರಿ ಬಂದರೆ ಒಂದು ರಿವರ್ಸ್ ಹೋಗಬೇಕು. ಆರು ಕೋಣೆ, ಒಂದು ಅಡುಗೆಮನೆ, ಒಂದೇ ಬಚ್ಚಲು. ಹದಿನೇಳು ಹೆಂಗಸರು, ಹನ್ನೊಂದು ಮಕ್ಕಳು. ಬಾಗಿಲ ಮೇಲೆ ಒಂದೇ ಒಂದು ಬೋರ್ಡು: "ಈ ಮನೆ ಬಾಡಿಗೆಗೆ ಇಲ್ಲ." ಮನೆಯ ಬಾಡಿಗೆ, ಅಕ್ಕಿ ಬೇಳೆ, ವಾರಕ್ಕೆರಡು ಸಲ ಬರುವ ವಕೀಲೆ, ಮನಸ್ಸು ಮುರಿದವರೊಡನೆ ಕೂತು ಮಾತಾಡುವ ಆಪ್ತಸಲಹೆಗಾರ್ತಿ, ಕೋರ್ಟಿಗೆ ಹೋಗಿಬರುವ ಬಸ್ ಚಾರ್ಜು, ಎಲ್ಲವೂ ಸರ್ಕಾರದ್ದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಆ ಹಣ ಮಂಜೂರಾಗುವುದು ಒಂದು ಋತುವಿನಲ್ಲಿ, ಬರುವುದು ಇನ್ನೊಂದರಲ್ಲಿ. ಕಂತು ಕೈಸೇರುವಷ್ಟರಲ್ಲಿ ಅರ್ಜಿ ಬರೆದ ಪೆನ್ನಿನ ಶಾಯಿ ಮುಗಿದು, ಪೆನ್ನು ಹಳತಾಗಿ, ಆ ಕಂಪನಿಯೇ ಮುಚ್ಚಿಹೋಗಿರುತ್ತಿತ್ತು. ಆದರೂ ಬರುತ್ತಿತ್ತು. ಬಂದದ್ದರಿಂದ ಹದಿನೇಳು ಜನ ಬೆಳಗ್ಗೆ ಎದ್ದು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುವ ಧೈರ್ಯ ಮಾಡುತ್ತಿದ್ದರು.

ಕಂಡಕ್ಟರಕ್ಕ ಬಂದ ಮೊದಲ ತಿಂಗಳಲ್ಲೇ ಒಬ್ಬ ಗಂಡ ಹೆಂಡತಿಯನ್ನು ಹುಡುಕಿಕೊಂಡು ಬೀದಿಗೆ ಬಂದ. ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿಯಣ್ಣ ಪಾಪ, ಒಳ್ಳೆಯ ಮನಸ್ಸಿನಿಂದ, "ಆ ಓಣಿಯ ಕೊನೆ ಮನೆ ಸಾರ್" ಎಂದು ಕೈತೋರಿಸಿಬಿಟ್ಟ. ಅವತ್ತು ಬಾಗಿಲಲ್ಲಿ ನಡೆದ ರಾದ್ಧಾಂತದಲ್ಲಿ ಒಂದು ಕಿಟಕಿ, ಎರಡು ಕೊಡ ಮತ್ತು ಅಕ್ಕನ ಮುಂದಿನ ಹಲ್ಲೊಂದು ಹೋದವು. ಗಂಡನೂ ಹೋದ, ಹೋಗುವಾಗ ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲವೆಂದು ಹೇಳುತ್ತಾರೆ, ಅಕ್ಕ ಆ ಕಡೆಯಿಂದ ಕೂಗಿದ್ದಳಂತೆ.

ಮರುದಿನ ಅಕ್ಕ ಬೀದಿಯವರನ್ನೆಲ್ಲ ಸೇರಿಸಿದಳು. ಬಸ್ಸಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಒಂದು ರೂಟು ಹಾಕಿಕೊಟ್ಟಳು.

"ಗೊತ್ತಿಲ್ಲ ಅಂತ ಯಾರೂ ಹೇಳಕೂಡದು. ಗೊತ್ತಿಲ್ಲ ಅಂದ್ರೆ ಗಂಡಸು ಇನ್ನೊಬ್ಬರನ್ನ ಕೇಳ್ತಾನೆ. ದಾರಿ ಹೇಳಿದ್ರೆ ಕೇಳೋದು ಬಿಟ್ಟು ನಡೀತಾನೆ. ನಡೆಸಿ, ಚೆನ್ನಾಗಿ ನಡೆಸಿ. ಅರ್ಧ ಕೋಪ ಕಾಲಲ್ಲೇ ಇಳೀತದೆ."

ಮೊದಲ ಸ್ಟಾಪು ಬೀದಿಯ ತಲೆಯಲ್ಲಿದ್ದ ಇಸ್ತ್ರಿಯಣ್ಣನ ಗಾಡಿ: ಅಲ್ಲಿಂದ ಚಹಾ ಅಂಗಡಿಗೆ. ಚಹಾ ಅಂಗಡಿಯವನು "ಅಯ್ಯೋ, ಅದು ಹೋದ ವರ್ಷವೇ ಬದಲಾಯ್ತಲ್ಲ" ಎಂದು ಹಳೆಯ ನೀರಿನ ಟ್ಯಾಂಕಿನ ಕಡೆಗೆ ಕಳಿಸಬೇಕು. ಟ್ಯಾಂಕನ್ನು ಸುತ್ತಿಕೊಂಡು ಬಂದರೆ ಓಣಿಯ ಕೊನೆ. ಅಲ್ಲಿ ಜಗಲಿ ಅಜ್ಜಿ. ಅಜ್ಜಿಗೆ ಎಂಬತ್ತಾಗಿದ್ದರೂ ಪಕ್ಕದ ಬೀದಿಯಲ್ಲಿ ಸೂಜಿ ಬಿದ್ದರೆ ಯಾವ ನಂಬರಿನ ಸೂಜಿ ಎಂದು ಹೇಳುವಷ್ಟು ಕಿವಿ ಚುರುಕು. ಆದರೆ ಗಂಡಸು ಬಂದು ಕೇಳಿದ ಕೂಡಲೇ ಕಲ್ಲುಕಿವುಡಿ. ಅವಳ ಜಗಲಿ ಆ ಮನೆಯ ಬಾಗಿಲಿಗೆ ನೇರ ಎದುರು. ಬಂದವನು ಆ ಮನೆಗೇ ಬೆನ್ನು ಹಾಕಿ ನಿಂತು, ಅಜ್ಜಿಯ ಕಿವಿಗೆ ಬಾಯಿಟ್ಟು ಕಾಲುಗಂಟೆ "ಹೆಂಗಸರ ಮನೆ ಎಲ್ಲಿ?" ಎಂದು ಅರಚಿದ ಮೇಲೆ ಅಜ್ಜಿ, "ಓ, ಅದಾ! ಆ ಕೆಂಪು ಕಟ್ಟಡದಲ್ಲಿ ಕೇಳಪ್ಪಾ, ಅಲ್ಲಿರೋರಿಗೆ ಎಲ್ಲಾ ಗೊತ್ತು" ಅನ್ನುತ್ತಿದ್ದಳು. ಕೆಂಪು ಕಟ್ಟಡ ಪೊಲೀಸ್ ಉಪಠಾಣೆ. ಅಲ್ಲಿಗೆ ರೂಟು ಮುಗಿಯಿತು. ಅಲ್ಲಿನ ಪೇದೆಯಮ್ಮ ಬಂದವನನ್ನು ಬೆಂಚಿನ ಮೇಲೆ ಕೂರಿಸಿ, ಹೆಸರು ವಿಳಾಸ, ಬಂದ ಉದ್ದೇಶ, ಹೊತ್ತು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡು, ನಾಲ್ಕು ಮಾತು ಹೇಳಿ ಕಳಿಸುತ್ತಿದ್ದಳು. ಆ ನಾಲ್ಕು ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಕೇಳಿದವಳು ಹೆಂಗಸಾದರೆ ರೂಟೇ ಬೇರೆ. ಅದು ನಾನ್‌ಸ್ಟಾಪ್. ಇಸ್ತ್ರಿಯಣ್ಣ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಅಜ್ಜಿಯವರೆಗೆ ಬರುತ್ತಿದ್ದ. ಅಲ್ಲಿಂದ ಅಜ್ಜಿ ಕೈಹಿಡಿದು ಒಳಗೆ. ಆ ಬೀದಿಯಲ್ಲಿ ಬೆನ್ನ ಮೇಲೆ ತ್ರಿಕೋನದ ಸುಟ್ಟ ಗುರುತಿಲ್ಲದ ಅಂಗಿಯೇ ಇಲ್ಲ. ಅದನ್ನು ಯಾರೂ ಆಕ್ಷೇಪಿಸಿದ್ದೂ ಇಲ್ಲ.

ರೂಟಿನ ಮೊದಲ ಪರೀಕ್ಷೆಗೆ ಸಿಕ್ಕಿದವನು ಅಕ್ಕನ ಗಂಡನೇ. ಅವಳು ಮರೆತುಹೋಗಿದ್ದ ಕನ್ನಡಕ ಕೊಡಲು ಬಂದಿದ್ದ. ಬೀದಿಯವರು ಅವನನ್ನು ಕಂಡವರಲ್ಲ. ಸ್ಟಾಪಿನಿಂದ ಸ್ಟಾಪಿಗೆ ದಾಟಿಸಿ ಠಾಣೆ ಮುಟ್ಟಿಸಿದರು. ಹೆಂಡತಿ ಬಂದು ಬಿಡಿಸಿಕೊಳ್ಳುವ ತನಕ ಸುಮ್ಮನೆ ಕೂರಲಾಗದೆ ಆತ ಠಾಣೆಯ ಗೋಡೆಗಡಿಯಾರ ಬಿಚ್ಚಿ ಸರಿಮಾಡಿ ಇಟ್ಟಿದ್ದ. "ನಿಮ್ಮ ಬೀದಿಯವರು ಸುಳ್ಳು ಹೇಳೋದನ್ನ ನೋಡಿದ್ರೆ," ಎಂದ ದಾರಿಯಲ್ಲಿ, "ನನಗೇ ಆ ಮನೆ ಇಲ್ಲ ಅನ್ನಿಸಿಬಿಟ್ಟಿತು." ಇದಕ್ಕಿಂತ ದೊಡ್ಡ ಮೆಚ್ಚುಗೆ ಅಕ್ಕನಿಗೆ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ.

ಏಳು ವರ್ಷ ಆ ರೂಟಿನಲ್ಲಿ ಒಂದು ಟ್ರಿಪ್ಪೂ ತಪ್ಪಲಿಲ್ಲ. ಎಂಟನೆಯ ವರ್ಷ ಟೇಪಿನ ಸಾಹೇಬರು ಬಂದರು.

ಅವರು ಇಲಾಖೆಯ ಹೊಸ ಪರಿವೀಕ್ಷಕರು. ಅನುದಾನ ಪಡೆಯುವ ಸಂಸ್ಥೆಗಳನ್ನು ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಬೇಕೆಂದು ಆ ವರ್ಷ ಹೊಸ ಸುತ್ತೋಲೆ ಬಂದಿತ್ತು. ಯೋಜನೆಯ ಹೆಸರಿರುವ ಆರಡಿ ಉದ್ದ, ನಾಲ್ಕಡಿ ಅಗಲದ ಫಲಕ ರಸ್ತೆಗೆ ಕಾಣುವಂತಿರಬೇಕು ಎಂದೂ ಅದರಲ್ಲಿತ್ತು. ಹಾಗಾಗಿ ಅಳತೆಯ ಟೇಪು ಸದಾ ಅವರ ಚೀಲದಲ್ಲಿ. ಪ್ರಾಮಾಣಿಕ ಮನುಷ್ಯ. ಎಷ್ಟು ಪ್ರಾಮಾಣಿಕ ಅಂದರೆ, ಆಫೀಸಿನ ಪೆನ್ನಿನಲ್ಲಿ ಮನೆಯ ಸಾಮಾನಿನ ಪಟ್ಟಿ ಬರೆದದ್ದಕ್ಕೆ ತಮಗೆ ತಾವೇ ನೋಟಿಸು ಕೊಟ್ಟುಕೊಂಡಿದ್ದರಂತೆ. ಕಡತದಲ್ಲಿ ಬೀದಿಯ ಹೆಸರಷ್ಟೇ ಇತ್ತು. ಮನೆಯ ಗುರುತು ನಿರ್ದೇಶಕಿಯ ಕಪಾಟಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿ. ಹಳೆಯ ಪರಿವೀಕ್ಷಕರಿಗೆ ಮನೆ ಗೊತ್ತಿತ್ತು, ಅವರು ನಿವೃತ್ತರಾಗಿದ್ದರು. ನಿರ್ದೇಶಕಿ ರಜೆಯಲ್ಲಿದ್ದರು. ಒಂದು ಬೀದಿಯಲ್ಲಿ ಒಂದು ಮನೆ ಹುಡುಕಲು ಲಕೋಟೆ ಯಾಕೆ ಎಂದು ಸಾಹೇಬರು ಹೊರಟರು.

"ಹಿಂಸೆಗೆ ಒಳಗಾದ ಮಹಿಳೆಯರ ಮನೆ ಎಲ್ಲಿ ಬರುತ್ತೆ?" ಎಂದು ಇಸ್ತ್ರಿಯಣ್ಣನನ್ನು ಕೇಳಿದರು. ಇಸ್ತ್ರಿಯಣ್ಣ ಮೇಲಿಂದ ಕೆಳಗೆ ನೋಡಿದ. ಕೈಯಲ್ಲಿ ಚೀಲ, ಮುಖದಲ್ಲಿ ಬಿಗುವು. ಗಂಡನೇ ಎಂದು ತೀರ್ಮಾನಿಸಿದ. "ಬನ್ನಿ ಸಾರ್, ಇಲ್ಲೇ. ಚಹಾ ಅಂಗಡಿ ಹತ್ರ ಕೇಳಿ."

ಮೊದಲ ಸುತ್ತಿನಲ್ಲಿ ಪೊಲೀಸ್ ಠಾಣೆ ಎದುರಾದಾಗ ದಾರಿ ತಪ್ಪಿದೆನೆಂದು ತಿಳಿದು ಮತ್ತೆ ಬೀದಿಯ ತಲೆಗೆ ಬಂದರು. ಎರಡನೆಯ ಸುತ್ತಿನಲ್ಲಿ ಚಹಾ ಅಂಗಡಿಯವನು ಅವರ ಬೆವರು ನೋಡಿ ಕನಿಕರದಿಂದ ಒಂದು ಲೋಟ ನೀರು ಕೊಟ್ಟ. ಕೊಟ್ಟು ಟ್ಯಾಂಕಿನ ಕಡೆಗೇ ಕಳಿಸಿದ. ಅಜ್ಜಿಯ ಕಿವಿಗೆ ಅವರು ಸುತ್ತೋಲೆಯ ಸಂಖ್ಯೆ, ದಿನಾಂಕ ಸಮೇತ ಕೂಗಿದರು. "ಸಕ್ಕರೆನಾ? ನನಗೆ ಸಕ್ಕರೆ ಆಗಲ್ಲಪ್ಪಾ" ಎಂದಳು ಅಜ್ಜಿ. ಮೂರನೆಯ ಸುತ್ತಿಗೆ ಪೇದೆಯಮ್ಮನೇ ಹೊರಗೆ ಬಂದು ಕರೆದಳು.

"ಬನ್ನಿ ಅಣ್ಣಾವ್ರೇ. ಮೂರು ಸಲದಿಂದ ನೋಡ್ತಾ ಇದ್ದೀನಿ. ಕೂತ್ಕೊಳ್ಳಿ."

"ನಾನು ಇಲಾಖೆಯವನು. ಇದು ಗುರುತಿನ ಚೀಟಿ."

"ಚೀಟಿ ಯಾರು ಬೇಕಾದ್ರೂ ಮಾಡಿಸ್ಕೋತಾರೆ. ಹೋದ ತಿಂಗಳು ಒಬ್ಬ ನ್ಯಾಯಾಧೀಶರ ತಮ್ಮ ಅಂತ ಬಂದಿದ್ದ. ಚೀಲದಲ್ಲಿ ಏನಿದೆ?"

"ಟೇಪು."

"ಏನಕ್ಕೆ?"

"ಬೋರ್ಡು ಅಳೆಯೋಕೆ. ಆ ಮನೆ ಮುಂದೆ ಆರಡಿ ಬೋರ್ಡು ಇರಬೇಕು."

ಪೇದೆಯಮ್ಮ ಪೆನ್ನು ಕೆಳಗಿಟ್ಟಳು. "ಗಂಡಂದಿರಿಗೆ ಸಿಗಬಾರದು ಅಂತ ಅಡಗಿರೋ ಮನೆಗೆ ಆರಡಿ ಬೋರ್ಡು? ಜೊತೆಗೆ ಒಂದು ಬಾಣದ ಗುರುತೂ ಹಾಕ್ಸಿಬಿಡಿ. ಕಥೆ ಕಟ್ಟೋದಾದ್ರೆ ಚೆನ್ನಾಗಿ ಕಟ್ಟಿ ಅಣ್ಣಾ."

ಸಾಹೇಬರ ಹೆಸರು, ವಿಳಾಸ, ಉದ್ದೇಶ, ಹೊತ್ತು ಪುಸ್ತಕಕ್ಕೆ ಬಿತ್ತು. ಸಹಿ ಹಾಕಿಸಿಕೊಂಡು, ಆ ನಾಲ್ಕು ಮಾತನ್ನೂ ಹೇಳಿ ಕಳಿಸಿದಳು.

ಸಂಜೆ ಬೀದಿಯೆಲ್ಲ ನಗೆಯೋ ನಗೆ. "ಮೂರು ರೌಂಡು ಹೊಡೆಸಿದ್ವಿ ಅಕ್ಕಾ! ಅಳತೆ ಟೇಪು ಬೇರೆ ತಂದಿದ್ದ!" ಎಂದು ಇಸ್ತ್ರಿಯಣ್ಣ ಎದೆಯುಬ್ಬಿಸಿದ. ಟೇಪು ಹಿಡಿದು ಹೆಂಡತಿಯನ್ನು ಹುಡುಕುವ ಗಂಡ ಎಂಥವನಿರಬಹುದು ಎಂದು ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹತ್ತು ದಿನ ಬಿಟ್ಟು, ಇಲಾಖೆಯ ಪತ್ರಗಳಿಗೆಂದೇ ಇದ್ದ ಅಂಚೆಪೆಟ್ಟಿಗೆ ಸಂಖ್ಯೆಗೆ ರಿಜಿಸ್ಟರ್ ಕಾಗದ ಬಂತು. ಸ್ಥಳ ತಪಾಸಣೆಯಲ್ಲಿ ಒಂಬತ್ತು ಮಂದಿಯನ್ನು ವಿಚಾರಿಸಲಾಗಿ ಸದರಿ ಸಂಸ್ಥೆ ಅಸ್ತಿತ್ವದಲ್ಲಿ ಇಲ್ಲವೆಂದು ಕಂಡುಬಂದಿದೆ. ಮುಂದಿನ ಕಂತನ್ನು ತಡೆಹಿಡಿಯಲಾಗಿದೆ. ಏಳು ದಿನದೊಳಗೆ ಫಲಕದ ಫೋಟೋ, ಅಲ್ಲಿ ವಾಸವಿರುವ ಎಲ್ಲ ಮಹಿಳೆಯರ ಹೆಸರು, ವಿಳಾಸ, ಭಾವಚಿತ್ರ ಮತ್ತು ಸಹಿಯುಳ್ಳ ಪಟ್ಟಿ ಸಲ್ಲಿಸದಿದ್ದರೆ ಅನುದಾನ ರದ್ದು.

ಅಕ್ಕ ಅದನ್ನು ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿದಳು. ಬಾಡಿಗೆ ಕಟ್ಟಲು ಆ ತಿಂಗಳಿನದಷ್ಟೇ ಇತ್ತು. ಪಟ್ಟಿ ಕೊಟ್ಟರೆ ಹದಿನೇಳು ವಿಳಾಸಗಳು ಏಳು ಮೇಜು ದಾಟುತ್ತವೆ. ಏಳರಲ್ಲಿ ಒಂದು ಬಾಯಿ ಸಡಿಲವಿದ್ದರೂ ಸಾಕು. ಕೊಡದಿದ್ದರೆ ಹದಿನೇಳು ಜನ, ಹನ್ನೊಂದು ಮಕ್ಕಳು ಬಂದ ಬಾಗಿಲಿಗೇ ವಾಪಸ್ಸು ಹೋಗಬೇಕು. ಅತ್ತ ದರಿ, ಇತ್ತ ಪುಲಿ.

ಯಾರಿಗೂ ಏನೂ ಹೇಳಲಿಲ್ಲ. ಆದರೆ ಆ ಮನೆಯಲ್ಲಿ ಅಕ್ಕನ ಗಂಟಲು ಗಡಿಯಾರವಿದ್ದಂತೆ. ಅದು ನಿಂತದ್ದು ಎಲ್ಲರಿಗೂ ಗೊತ್ತಾಯಿತು. ಮೂರನೆಯ ದಿನ, ಒಂದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹೊಸಬಳು ಪಾತ್ರೆ ತೊಳೆಯುತ್ತಿದ್ದ ಅಕ್ಕನ ಪಕ್ಕ ಬಂದು ಕೂತಳು. ಬಂದು ಇಪ್ಪತ್ತು ದಿನವಾಗಿತ್ತು. ಅಷ್ಟರಲ್ಲಿ ಇಪ್ಪತ್ತು ಮಾತೂ ಆಡಿರಲಿಲ್ಲ.

"ಅಕ್ಕಾ, ಆ ಕಾಗದ ಓದಿದೆ. ಬೇಳೆ ಡಬ್ಬದ ಕೆಳಗಿತ್ತು."

"ಬೇಳೆ ಡಬ್ಬ ಯಾಕೆ ಎತ್ತಿದೆ ನೀನು, ಒಂದು ಕೈಯಲ್ಲಿ?"

"ನನ್ನ ಹೆಸರು ಕೊಡಿ. ಪೂರಾ ವಿಳಾಸ ಕೊಡಿ, ಫೋಟೋನೂ ತೆಗೆಸ್ತೀನಿ. ಒಬ್ಬಳಾದ್ರೂ ಇದ್ದಾಳೆ ಅಂತ ತೋರಿಸಿದ್ರೆ ಮನೆ ಇದೆ ಅಂತ ಆಗಲ್ವಾ? ಮಿಕ್ಕವರು ಉಳ್ಕೋತಾರೆ."

ಅಕ್ಕ ಪಾತ್ರೆ ಕೆಳಗಿಟ್ಟಳು. "ಮುಚ್ಚು ಬಾಯಿ. ನಿನ್ನ ವಿಳಾಸ ಇವತ್ತು ಕಾಗದದ ಮೇಲೆ, ನಾಳೆ ಜವಾನನ ಬಾಯಲ್ಲಿ, ನಾಡಿದ್ದು ನಿನ್ನ ಗಂಡನ ಕಿವೀಲಿ. ಇನ್ನೊಂದು ಕೈ ಇದೆ ಅಂತ ಬಂದುಬಿಟ್ಯಾ ದಾನಕ್ಕೆ?"

"ಅವನು ಆಗಲೇ ಒಂದ್ಸಲ ಬಂದು ಹೋದನಲ್ಲಕ್ಕಾ, ಸಿಗಲಿಲ್ಲ. ಠಾಣೆಯಲ್ಲಿ ಹೆಸರು ಬರೆಸ್ಕೊಂಡು ಕಳಿಸಿದ್ರಂತೆ. ತಂಗಿ ಹೇಳಿದಳು. ಅವಮಾನ ಆಯ್ತು ಅಂತ ಎರಡು ದಿನ ಮನೆಯಿಂದ ಆಚೆ ಬರಲಿಲ್ಲವಂತೆ."

ಅಕ್ಕ ಅವಳನ್ನೇ ನೋಡಿದಳು. ಕೈಯಲ್ಲಿದ್ದ ಬೂದಿಯನ್ನು ಸೀರೆಗೇ ಒರೆಸಿಕೊಂಡಳು. "ಏನಂದೆ? ಹೆಸರು ಬರೆಸ್ಕೊಂಡ್ರಂತಾ?" ಎನ್ನುತ್ತಲೇ ಎದ್ದು ಚಪ್ಪಲಿ ಹುಡುಕತೊಡಗಿದಳು. ಸಿಕ್ಕಿದ್ದು ಬೇರೆ ಬೇರೆ ಜೋಡಿಯ ಎರಡು. ಅವನ್ನೇ ಮೆಟ್ಟಿಕೊಂಡು ಠಾಣೆಗೆ ನಡೆದಳು.

ಏಳನೆಯ ದಿನ ಬೆಳಗ್ಗೆ ಹತ್ತಕ್ಕೆ ಕಂಡಕ್ಟರಕ್ಕ ಇಲಾಖೆಯ ಮೆಟ್ಟಿಲು ಹತ್ತಿದಳು. ಕಡತಗಳ ರಾಶಿಯ ಹಿಂದೆ ಗುಮಾಸ್ತನೊಬ್ಬ ಕೂತಿದ್ದ. ಎಷ್ಟು ವರ್ಷದಿಂದ ಕೂತಿದ್ದನೆಂದರೆ ಅವನ ಕುರ್ಚಿ ಬೇರು ಬಿಟ್ಟು, ಕೆಳಗಿನ ಮಹಡಿಯವರು ಆ ಬೇರಿಗೆ ಛತ್ರಿ ನೇತುಹಾಕುತ್ತಿದ್ದರು.

"ಪಟ್ಟಿ ತಂದಿದ್ದೀರಾ?"

"ತಂದಿದ್ದೀನಿ."

"ಹೆಸರು, ವಿಳಾಸ, ಸಹಿ?"

"ಎಲ್ಲಾ ಇದೆ. ಆದ್ರೆ ಮೇಡಮ್ಮನ ಕೈಗೇ ಕೊಡೋದು."

"ಮೇಡಂ ಬ್ಯುಸಿ. ಇಲ್ಲಿ ಕೊಟ್ಟು ಹೋಗಿ."

"ಇಲ್ಲಾಂದ್ರೆ ಇಲ್ಲಿಂದಲೇ ಓದ್ಲಾ? ಮೇಡಮ್ಮಂಗೆ ಕೇಳಿಸುತ್ತೆ. ಪಕ್ಕದ ಇಲಾಖೆಯವರಿಗೂ ಕೇಳಿಸುತ್ತೆ." ಅಕ್ಕ ಒಮ್ಮೆ ಗಂಟಲು ಸರಿಮಾಡಿಕೊಂಡಳು, ಅಷ್ಟೆ. ಮೇಜಿನ ಮೇಲಿದ್ದ ಎರಡು ಕಡತಗಳು ತಾವಾಗಿಯೇ ಮುಂದಿನ ಮೇಜಿಗೆ ವಿಲೇವಾರಿಯಾದವು. ಗುಮಾಸ್ತ ಎದ್ದು ಬಾಗಿಲು ತೆರೆದ.

ನಿರ್ದೇಶಕಿ ಐವತ್ತೈದರ ಆಸುಪಾಸಿನ, ಮಾತಿಗಿಂತ ಮೌನದಿಂದ ಹೆದರಿಸುವ ಹೆಂಗಸು. ಪಕ್ಕದಲ್ಲಿ ಟೇಪಿನ ಸಾಹೇಬರು. ಅಕ್ಕ ಮೊದಲು ಅವರ ಕಡೆ ತಿರುಗಿದಳು. "ನಮ್ಮ ಬೀದಿಯವರು ನಿಮ್ಮನ್ನ ತುಂಬಾ ನಡೆಸಿಬಿಟ್ರು ಸಾರ್. ತಪ್ಪಾಯ್ತು. ಕಾಲು ನೋವು ಹೋಯ್ತಾ?"

"ಕಾಲಿನ ವಿಷಯ ಕಡತದಲ್ಲಿಲ್ಲ," ಎಂದರು ಸಾಹೇಬರು.

ಅಕ್ಕ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಠಾಣೆಯ ಮೊಹರು ಬಿದ್ದ ನಕಲು. ಹದಿನೈದು ಸಾಲು. ಮೊದಲ ಹದಿನಾಲ್ಕರಲ್ಲಿ ಹೆಸರು, ವಿಳಾಸ, ಸಹಿಯ ಜಾಗಕ್ಕೆಲ್ಲ ದಪ್ಪಗೆ ಕಪ್ಪು ಬಳಿದಿತ್ತು. ತಾರೀಖು, ಹೊತ್ತು, 'ಉದ್ದೇಶ: ಹೆಂಡತಿಯನ್ನು ಹುಡುಕಲು' ಎಂಬುದಷ್ಟೇ ಓದಲು ಸಿಗುತ್ತಿತ್ತು. ಹದಿನೈದನೆಯ ಸಾಲು ಮಾತ್ರ ಪೂರ್ತಿ ತೆರೆದಿತ್ತು. ಅದು ಟೇಪಿನ ಸಾಹೇಬರದು.

"ಇದೇನಿದು? ಕೇಳಿದ್ದು ಅಲ್ಲಿರೋ ಮಹಿಳೆಯರ ಪಟ್ಟಿ," ಎಂದರು ನಿರ್ದೇಶಕಿ.

"ಅವರ ಹೆಸರು ಕೊಡಲ್ಲ ಮೇಡಂ. ಇದು ಅವರನ್ನ ಹುಡುಕ್ಕೊಂಡು ಬಂದವರ ಪಟ್ಟಿ. ಮೂರು ವರ್ಷದ್ದು. ಇವರ ಹೆಸರು ಹೇಳಿದ್ರೂ ಹೆಂಡತಿಯರ ಗುರುತು ಸಿಕ್ಕಿಬಿಡುತ್ತೆ ಅಂತ ಮಸಿ ಬಳಿದಿದ್ದೀನಿ. ಸಾಹೇಬರ ಮನೆಯವರು ನಮ್ಮಲ್ಲಿಲ್ಲ, ಅದಕ್ಕೇ ಅವರದ್ದು ಹಾಗೇ ಬಿಟ್ಟೆ."

ಸಾಹೇಬರು ಕೆಮ್ಮಿದರು.

"ಈ ಹದಿನಾಲ್ಕು ಜನದಲ್ಲಿ ಒಬ್ಬನ ಕೈಲಿ ಸೀಮೆಎಣ್ಣೆ ಡಬ್ಬ ಇತ್ತು," ಎಂದಳು ಅಕ್ಕ. ಗಂಟಲು ತಗ್ಗಿತ್ತು. "ಇನ್ನೊಬ್ಬ ಮಚ್ಚನ್ನ ಪೇಪರಲ್ಲಿ ಸುತ್ಕೊಂಡು ಬಂದಿದ್ದ. ಒಬ್ಬನಿಗೂ ಮನೆ ಸಿಗಲಿಲ್ಲ. ಓದು ಬರಹ ಬಲ್ಲ ಸಾಹೇಬರು, ಸರ್ಕಾರಿ ಕಾಗದ ಹಿಡ್ಕೊಂಡು, ಮೂರು ಗಂಟೆ ಹುಡುಕಿದ್ರೂ ಸಿಗಲಿಲ್ಲ. ನೀವು ದುಡ್ಡು ಕೊಡ್ತಿರೋದು ಇದಕ್ಕೇ ಅಲ್ವಾ ಮೇಡಂ? ಅವರಿಗೆ ಮನೆ ಸಿಕ್ಕಿಬಿಟ್ಟಿದ್ರೆ ಆಗ ನಿಲ್ಲಿಸಬೇಕಿತ್ತು ನೀವು ಅನುದಾನ. ಇಲ್ಲದ ಮನೇನ ಹದಿನಾಲ್ಕು ಜನ ಯಾಕೆ ಹುಡುಕ್ಕೊಂಡು ಬರ್ತಾರೆ?"

ನಿರ್ದೇಶಕಿ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದು ತಾರೀಖನ್ನೂ ಓದಿದರು. ಆಮೇಲೆ ಪರಿವೀಕ್ಷಕರ ಕಡೆ ನೋಡಿದರು. "ನಿಮ್ಮ ವರದಿ?"

ಸಾಹೇಬರು ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಟಮಾರಿಗಳಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಅಳತೆಯ ಮನುಷ್ಯ.

"ವರದಿ ಸುಳ್ಳಲ್ಲ ಮೇಡಂ. ಕಂಡದ್ದನ್ನೇ ಬರೆದಿದ್ದೀನಿ. ಆದ್ರೆ..." ಎಂದು ಆ ಹದಿನೈದನೆಯ ಸಾಲನ್ನು ಮತ್ತೊಮ್ಮೆ ನೋಡಿದರು. "ಪೂರ್ತಿ ಬರೆದಿಲ್ಲ. ಒಂದು ಸಾಲು ಸೇರಿಸಬಹುದಾ?" ಜೇಬಿನಿಂದ ತಮ್ಮ ಸ್ವಂತ ಪೆನ್ನು ತೆಗೆದು ಕಡತದಲ್ಲಿ ಬರೆದರು: 'ಮೂರು ಗಂಟೆ ಹತ್ತು ನಿಮಿಷ ಹುಡುಕಿದರೂ ಸಿಗದ ಕಾರಣ, ಸಂಸ್ಥೆಯ ಭದ್ರತಾ ವ್ಯವಸ್ಥೆ ತೃಪ್ತಿಕರವಾಗಿದೆ ಎಂಬುದು ನನ್ನ ಅಭಿಪ್ರಾಯ.'

"ಅಭಿಪ್ರಾಯದ ಮೇಲೆ ದುಡ್ಡು ಬಿಡುಗಡೆ ಆಗಲ್ಲ," ಎಂದರು ನಿರ್ದೇಶಕಿ. "ಯಾರಾದ್ರೂ ಕಣ್ಣಾರೆ ನೋಡಬೇಕು. ನಾನೇ ಬರ್ತೀನಿ. ಒಬ್ಬಳೇ. ಮತ್ತೆ ಬೋರ್ಡು? ನಿಯಮದಲ್ಲಿ ಬೋರ್ಡು ಇದೆ. ಅದನ್ನ ನಾನೂ ತೆಗೆಯೋಕಾಗಲ್ಲ."

"ಹಾಕೋಣ ಮೇಡಂ. ಆರಡಿ ಯಾಕೆ, ಎಂಟಡಿದೇ ಹಾಕೋಣ. ಠಾಣೆ ಗೋಡೆಗೆ. ಹೆಂಗಸರಿಗೆ ಅಲ್ಲಿಂದ ದಾರಿ ತೋರಿಸೋರಿದ್ದಾರೆ. ಗಂಡಸರು ಹೇಗಿದ್ರೂ ಕೊನೆಗೆ ಅಲ್ಲಿಗೇ ಬರ್ತಾರೆ."

"ಆರೇ ಅಡಿ," ಎಂದರು ಟೇಪಿನ ಸಾಹೇಬರು.

ನಿರ್ದೇಶಕಿ ಬರುವ ದಿನವನ್ನು ಹೇಳಿರಲಿಲ್ಲ. ಒಂದು ಬೆಳಗ್ಗೆ ಹಳೆಯ ನೂಲಿನ ಸೀರೆಯುಟ್ಟು, ಬಸ್ಸಿನಲ್ಲಿ ಬಂದು, ಬೀದಿಯ ತಲೆಯಲ್ಲಿಳಿದು ಇಸ್ತ್ರಿಯಣ್ಣನನ್ನು ತಗ್ಗಿದ ದನಿಯಲ್ಲಿ ಕೇಳಿದರು. ಇಸ್ತ್ರಿಯಣ್ಣ ಯಾರದೋ ಪ್ಯಾಂಟನ್ನು ಅದರ ಹಣೆಬರಹಕ್ಕೆ ಬಿಟ್ಟು, "ಬನ್ನಿ ಅಮ್ಮಾ, ನನ್ನ ಹಿಂದೆ ಬನ್ನಿ, ಹೆದರಬೇಡಿ" ಎಂದು ನೇರ ಜಗಲಿಗೆ ಕರೆತಂದ. ಅಜ್ಜಿ ಅವರ ಕೈಹಿಡಿದಳು. "ಬಾ ಮಗಳೇ. ಏನೂ ಹೇಳಬೇಡ, ಯಾರೂ ಕೇಳಲ್ಲ. ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ? ಎಷ್ಟು ವರ್ಷ ಸಹಿಸ್ಕೊಂಡೆಯೋ, ಬಿಡು. ಬಂದೆಯಲ್ಲ, ಅಷ್ಟು ಸಾಕು."

ತಾವು ಯಾರೆಂದು ಹೇಳಲು ನಿರ್ದೇಶಕಿಗೆ ಹತ್ತು ಹೆಜ್ಜೆಯ ಹೊತ್ತಿತ್ತು. ಹೇಳಲಿಲ್ಲ. ಬಾಗಿಲು ತೆರೆದ ಅಕ್ಕ ಬೆಚ್ಚಿ, "ಮೇಡಂ" ಎಂದು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಗದರಿದಳು: "ಮೊದಲು ನೀರು ಕೊಡೇ! ನಿನ್ನ ಗಂಟಲು ಕೇಳಿ ಓಡಿಹೋದಾಳು!"

ನಿರ್ದೇಶಕಿ ಅಡುಗೆಮನೆಯ ನೆಲದ ಮೇಲೆ ಕೂತು ನೀರು ಕುಡಿದರು. ಯಾವ ಹೆಸರನ್ನೂ ಕೇಳಲಿಲ್ಲ. ಹಾಸಿಗೆಗಳನ್ನು ನೋಡಿದರು, ಬಚ್ಚಲಿನ ಮುಂದಿನ ಸಾಲನ್ನು ನೋಡಿದರು, ಒಂದೇ ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದವಳ ಪಕ್ಕದಲ್ಲಿ ಕೂತು ತಾವೂ ಒಂದು ಕಟ್ಟು ಬಿಡಿಸಿದರು. ಹೊರಡುವಾಗ ಅಕ್ಕ ಸುಮ್ಮನಿರಬೇಕಲ್ಲ: "ಇನ್ನೊಂದು ಬಚ್ಚಲು ಕಟ್ಟಿಸಿಕೊಡಿ ಮೇಡಂ."

"ಇರೋದನ್ನ ಉಳಿಸ್ಕೊಂಡದ್ದೇ ಹೆಚ್ಚು ಅಂದ್ಕೊಳ್ಳಿ."

"ಅಂದ್ಕೊಂಡೆ. ಬಚ್ಚಲು ಯಾವಾಗ?"

ನಿರ್ದೇಶಕಿ ಮೊದಲ ಬಾರಿಗೆ ನಕ್ಕರು. ಬಚ್ಚಲು ಇವತ್ತಿಗೂ ಬಂದಿಲ್ಲ. ಅದರ ಅರ್ಜಿ ಈಗ ನಾಲ್ಕನೆಯ ಮೇಜಿನಲ್ಲಿದೆ.

ಅನುದಾನ ಮುಂದುವರಿಸಿದ ಆದೇಶ ಇಪ್ಪತ್ತಾರನೆಯ ದಿನ ಬಂತು. ಅಷ್ಟು ದಿನ ಮನೆಯ ಮಾಲೀಕನನ್ನು ತಡೆದು ನಿಲ್ಲಿಸಿದ್ದು ಅಕ್ಕನ ಗಂಡ. ಆ ಮಾಲೀಕನ ಮನೆಯ ಏಳು ಗಡಿಯಾರಗಳನ್ನು ರಿಪೇರಿಗೆಂದು ತಂದು, ಬಾಡಿಗೆಯ ಮಾತು ಮುಗಿಯುವವರೆಗೆ ಒಂದನ್ನೂ ವಾಪಸ್ಸು ಕೊಟ್ಟಿರಲಿಲ್ಲ. ಅಕ್ಕ ಆದೇಶವನ್ನು ನಡುಮನೆಯಲ್ಲಿ ನಿಂತು ಓದಿದಳು, ಪೂರ್ತಿ ಗಂಟಲಿನಲ್ಲಿ, ಉಲ್ಲೇಖ ಸಂಖ್ಯೆಯಿಂದ ಹಿಡಿದು ಪ್ರತಿಗಳನ್ನು ಯಾರ್ಯಾರಿಗೆ ಕಳಿಸಿದೆ ಎಂಬಲ್ಲಿಯವರೆಗೆ. ಹದಿನೇಳು ಜನ ಉಸಿರು ಬಿಗಿಹಿಡಿದು ಕೇಳಿದರು. ಒಂದು ವರ್ಷ ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ಅರ್ಥವಾದ ಮೇಲೆ, ಒಬ್ಬಳು ಅಳತೊಡಗಿದಳು, ಇಬ್ಬರು ಅವಳನ್ನು ಸುಮ್ಮನಿರಿಸಲು ಹೋಗಿ ತಾವೂ ಅತ್ತರು. ಮಕ್ಕಳು ಏನೆಂದು ತಿಳಿಯದೆಯೇ ಕುಣಿದವು.

ಫೋನು ಬಡಿದುಕೊಂಡದ್ದು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಜಗಲಿಯಲ್ಲಿದ್ದ ಅಜ್ಜಿಗೆ ಕೇಳಿಸಿತು. ಬಂದು ಬಾಗಿಲು ತಟ್ಟಿ ಹೇಳಿದಳು. ಪೇದೆಯಮ್ಮನ ಫೋನು.

"ಅಕ್ಕಾ, ಅರ್ಧಗಂಟೆಯಿಂದ ಒಬ್ಬಳು ನಮ್ಮ ಗೋಡೆ ಬೋರ್ಡನ್ನೇ ಓದ್ತಾ ನಿಂತಿದ್ದಾಳೆ. ಒಳಗೆ ಬಾ ಅಂದ್ರೆ ಬರ್ತಿಲ್ಲ, ಹೋಗೂ ಹೋಗ್ತಿಲ್ಲ."

"ಹೆದರಿಸಬೇಡ. ನಿನ್ನ ಟೋಪಿ ತೆಗೆದಿಟ್ಟು ಪಕ್ಕದಲ್ಲಿ ಸುಮ್ನೆ ನಿಂತಿರು," ಎಂದಳು ಅಕ್ಕ. ಒಳಗೆ ತಿರುಗಿ, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಲು ಹೇಳಿ, ಓಣಿಗಿಳಿದಳು.